ಹುಟ್ಟುವಾಗಲೇ ಬೇರೆ ಥರ ಇರುವ ಪುಟ್ಟ ಕೈ: ಯಾಕೆ ಹೀಗಾಗುತ್ತದೆ, ಮುಂದೇನು?

ಮಗು ಹುಟ್ಟಿದ ಸ್ವಲ್ಪ ಹೊತ್ತಿಗೇ ಯಾರಾದರೂ ಅದರ ಬೆರಳು ಎಣಿಸುತ್ತಾರೆ. ಲೆಕ್ಕ ಒಂದು ಜಾಸ್ತಿಯೋ ಕಡಿಮೆಯೋ ಆದರೆ, ಎರಡು ಬೆರಳು ಅಂಟಿಕೊಂಡಿದ್ದರೆ, ಒಂದು ಕೈ ಮೊಣಕೈ ಹತ್ತಿರವೇ ಮುಗಿದುಹೋಗಿದ್ದರೆ, ಕೋಣೆಯಲ್ಲಿ ಮಾತು ನಿಂತುಹೋಗುತ್ತದೆ. ಆಮೇಲೆ ತಾಯಿ ಕೇಳುವ ಮೊದಲ ಪ್ರಶ್ನೆ ಹೆಚ್ಚಾಗಿ ಒಂದೇ: "ನಾನೇನು ತಪ್ಪು ಮಾಡಿದೆ?"

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚೂ ಕಡಿಮೆ ಎಲ್ಲ ಸಲವೂ, ಏನೂ ಇಲ್ಲ. ಇದು ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ. ಕೈ ಯಾವಾಗ ರೂಪುಗೊಳ್ಳುತ್ತದೆ ಅನ್ನುವುದು ತಿಳಿದರೆ ಇದು ತಾನಾಗಿಯೇ ಅರ್ಥವಾಗುತ್ತದೆ. ಅಷ್ಟೇ ಅಲ್ಲ, ಡಾಕ್ಟರು ಬೆರಳು ನೋಡಿ ಹೃದಯದ ಸ್ಕ್ಯಾನ್ ಯಾಕೆ ಬರೆಯುತ್ತಾರೆ, ಆಪರೇಷನ್‌ಗೆ ಒಂದು ವರ್ಷ ಕಾಯಿರಿ ಅಂತ ಯಾಕೆ ಹೇಳುತ್ತಾರೆ ಅನ್ನುವುದೂ ತಿಳಿಯುತ್ತದೆ.

ಇಂಥ ಮಕ್ಕಳು ಅಪರೂಪವೂ ಅಲ್ಲ. ಹುಟ್ಟುವ ಸುಮಾರು 500 ಮಕ್ಕಳಲ್ಲಿ ಒಂದು ಮಗುವಿನ ಕೈ ಅಥವಾ ತೋಳಿನಲ್ಲಿ ಏನೋ ಒಂದು ವ್ಯತ್ಯಾಸ ಇರುತ್ತದೆ. ಇವುಗಳಲ್ಲಿ ತುಂಬಾ ಚಿಕ್ಕವೇ ಜಾಸ್ತಿ. ಕಿರುಬೆರಳು ಸ್ವಲ್ಪ ವಾಲಿರುವುದು, ಪಕ್ಕದಲ್ಲಿ ಒಂದು ಪುಟ್ಟ ಬೆರಳು ನೇತಾಡುವುದು, ಇಂಥವು.

ನಾಲ್ಕು ವಾರಗಳಲ್ಲಿ ಒಂದು ಕೈ

ಗರ್ಭ ಕಟ್ಟಿದ ಸುಮಾರು 26ನೇ ದಿನ ಭ್ರೂಣದ ಎರಡೂ ಪಕ್ಕದಲ್ಲಿ ಒಂದೊಂದು ಚಿಕ್ಕ ಉಬ್ಬು ಕಾಣಿಸಿಕೊಳ್ಳುತ್ತದೆ. ಇಡೀ ಭ್ರೂಣವೇ ಆಗ ಕೆಲವು ಮಿಲಿಮೀಟರ್ ಉದ್ದ ಇರುತ್ತದೆ. ಈ ಉಬ್ಬನ್ನು ಕೈಮೊಗ್ಗು ಅನ್ನೋಣ. ಒಂದೆರಡು ದಿನ ಬಿಟ್ಟು ಕಾಲಿನ ಮೊಗ್ಗು ಬರುತ್ತದೆ. ಐದನೇ ವಾರದಲ್ಲಿ ಕೈಮೊಗ್ಗಿನ ತುದಿ ಚಪ್ಪಟೆಯಾಗುತ್ತದೆ. ಆರನೇ ವಾರದ ಹೊತ್ತಿಗೆ ಆ ಚಪ್ಪಟೆ ಭಾಗದೊಳಗೆ ಐದು ಗೆರೆಗಳು ಮೂಡುತ್ತವೆ. ಮುಂದೆ ಅವೇ ಬೆರಳುಗಳು. ಎಂಟನೇ ವಾರ ಮುಗಿಯುವಷ್ಟರಲ್ಲಿ ಬೆರಳುಗಳು ಬಿಡಿಬಿಡಿಯಾಗಿರುತ್ತವೆ. ಹೆಗಲು, ಮೊಣಕೈ, ಮಣಿಕಟ್ಟು ಎಲ್ಲವೂ ತಮ್ಮ ತಮ್ಮ ಜಾಗದಲ್ಲಿರುತ್ತವೆ. ಆಮೇಲೆ ಉಳಿಯುವುದು ದೊಡ್ಡದಾಗುವ ಕೆಲಸ ಮಾತ್ರ.

ಈ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಮೊಗ್ಗು ಮೂಡುವಾಗ ಮುಟ್ಟು ತಪ್ಪಿ ಎರಡು ವಾರವೂ ಆಗಿರುವುದಿಲ್ಲ. ಎಷ್ಟೋ ತಾಯಂದಿರಿಗೆ ತಾವು ಗರ್ಭಿಣಿ ಅನ್ನುವುದು ಆಗಷ್ಟೇ ಗೊತ್ತಾಗುತ್ತಿರುತ್ತದೆ, ಅಥವಾ ಗೊತ್ತೇ ಆಗಿರುವುದಿಲ್ಲ. ಏಳನೇ ತಿಂಗಳಲ್ಲಿ ಭಾರ ಎತ್ತಿದ್ದು, ಐದನೇ ತಿಂಗಳಲ್ಲಿ ಜಾರಿ ಬಿದ್ದದ್ದು, ಪ್ರಯಾಣ ಮಾಡಿದ್ದು, ಅತ್ತದ್ದು, ಯಾವುದನ್ನೋ ನೋಡಿದ್ದು, ಯಾವುದೂ ಆಗಲೇ ರೂಪುಗೊಂಡಿದ್ದ ಕೈಯಿಂದ ಒಂದು ಬೆರಳನ್ನು ಕಿತ್ತುಕೊಳ್ಳಲಾರದು. ಈ ಮಾತನ್ನು ತಾಯಿಗೆ ಮಾತ್ರ ಹೇಳಿದರೆ ಸಾಲದು. ಮನೆಯವರೆಲ್ಲರೂ ಕೇಳಿಸಿಕೊಳ್ಳಬೇಕು. ಬೆರಳು ತೋರಿಸುವವರು ಹೆಚ್ಚಾಗಿ ಅವರೇ ಅಲ್ವಾ?

ಮೊಗ್ಗು ಕೈಯಾಗುವುದು ಹೇಗೆ ಅನ್ನುವ ಗುಟ್ಟು ಬಿಚ್ಚಿಕೊಂಡದ್ದು ಕೋಳಿಮರಿಯ ರೆಕ್ಕೆಯಲ್ಲಿ. 1948ರಲ್ಲಿ ಜಾನ್ ಸಾಂಡರ್ಸ್ ಎಂಬ ಅಮೆರಿಕದ ವಿಜ್ಞಾನಿ ಮೊಟ್ಟೆಯೊಳಗಿನ ಮರಿಯ ರೆಕ್ಕೆಮೊಗ್ಗಿನ ತುದಿಯಲ್ಲಿರುವ ಒಂದು ತೆಳು ಏಣನ್ನು ತೆಗೆದುಹಾಕಿದರು. ರೆಕ್ಕೆ ಅರ್ಧಕ್ಕೇ ನಿಂತಿತು. ಬೇಗ ತೆಗೆದರೆ ಹೆಗಲ ಹತ್ತಿರವೇ ನಿಲ್ಲುತ್ತಿತ್ತು, ತಡವಾಗಿ ತೆಗೆದರೆ ತುದಿ ಮಾತ್ರ ಇಲ್ಲವಾಗುತ್ತಿತ್ತು. ಅಂದರೆ ಕೈ ಉದ್ದಕ್ಕೆ ಬೆಳೆಯಬೇಕಾದರೆ ಆ ಏಣಿನಿಂದ ಸೂಚನೆ ಬರುತ್ತಲೇ ಇರಬೇಕು. ಮುಂಗೈಯ ನಡುವೆಯೇ ಕೈ ಮುಗಿದಿರುವ ಮಕ್ಕಳನ್ನು ನೋಡುವಾಗ ಈ ಪ್ರಯೋಗ ನೆನಪಾಗುತ್ತದೆ. ಆ ಮಕ್ಕಳ ಕೈತುದಿಯಲ್ಲಿ ಎಷ್ಟೋ ಸಲ ಪುಟ್ಟ ಪುಟ್ಟ ಗುಬುಟುಗಳು, ಕೆಲವೊಮ್ಮೆ ಅವುಗಳ ಮೇಲೆ ಉಗುರಿನ ಚೂರೂ ಇರುತ್ತವೆ. ಬೆರಳಾಗಲು ಹೊರಟ ಅಂಶ ಅಲ್ಲಿತ್ತು, ಬೆಳೆಯಲಿಲ್ಲ.

ಹೆಬ್ಬೆರಳು ಯಾವ ಕಡೆ, ಕಿರುಬೆರಳು ಯಾವ ಕಡೆ ಅನ್ನುವುದನ್ನು ತೀರ್ಮಾನಿಸುವುದು ಇನ್ನೊಂದು ಜಾಗ. ಅದು ಮೊಗ್ಗಿನ ಕಿರುಬೆರಳಿನ ಕಡೆ ಇರುತ್ತದೆ. ಸಾಂಡರ್ಸ್ ಮತ್ತು ಅವರ ಜೊತೆಗಾರರು 1960ರ ದಶಕದಲ್ಲಿ ಆ ಜಾಗದ ಒಂದು ಚೂರನ್ನು ತೆಗೆದು ಹೆಬ್ಬೆರಳಿನ ಕಡೆ ನೆಟ್ಟರು. ರೆಕ್ಕೆಯ ಬೆರಳುಗಳು ಕನ್ನಡಿಯಲ್ಲಿ ಕಂಡ ಹಾಗೆ ಎರಡು ಸಾಲಾಗಿ ಬೆಳೆದವು. ಮನುಷ್ಯರಲ್ಲೂ ತುಂಬಾ ಅಪರೂಪಕ್ಕೆ ಇಂಥ ಕನ್ನಡಿ ಕೈ ಕಾಣುತ್ತದೆ. ಏಳೆಂಟು ಬೆರಳು ಇರುತ್ತವೆ, ಹೆಬ್ಬೆರಳು ಮಾತ್ರ ಇರುವುದಿಲ್ಲ. ಈ ಜಾಗದಿಂದ ಹೊರಡುವ ಸೂಚನೆ ಸಾನಿಕ್ ಹೆಡ್ಜ್‌ಹಾಗ್ ಎಂಬ ಪ್ರೊಟೀನ್ ಅಂತ 1993ರಲ್ಲಿ ಗೊತ್ತಾಯಿತು. ಆ ಜೀನನ್ನು ಎಲ್ಲಿ, ಯಾವಾಗ ಆನ್ ಮಾಡಬೇಕು ಅಂತ ಹೇಳುವ ಡಿಎನ್ಎ ಭಾಗದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಹೆಬ್ಬೆರಳಿನ ಪಕ್ಕ ಇನ್ನೊಂದು ಬೆರಳು ಬರಬಹುದು.

ಕೊನೆಯ ಹಂತವೇ ನನಗೆ ಅತಿ ಸೋಜಿಗದ್ದು. ಬೆರಳುಗಳು ಹೊರಗೆ ಮೊಳೆತು ಬರುವುದಿಲ್ಲ. ಮೊದಲು ಎಲ್ಲವೂ ಒಂದೇ ಚಪ್ಪಟೆ ಹಲಗೆಯಲ್ಲಿ ಸೇರಿಕೊಂಡಿರುತ್ತವೆ. ಆಮೇಲೆ ನಡುವಿನ ಜೀವಕೋಶಗಳು ತಾವಾಗಿಯೇ ಸಾಯುತ್ತವೆ. ಆ ಸಾವಿನಿಂದಲೇ ಬೆರಳು ಬೆರಳಿನ ನಡುವೆ ಸಂದು ಬರುವುದು. ಬಾತುಕೋಳಿಯ ಕಾಲಿನಲ್ಲಿ ಆ ಸಾವನ್ನು ತಡೆಯುವ ಪ್ರೊಟೀನ್ ಇದೆ, ಹಾಗಾಗಿ ಅದರ ಬೆರಳುಗಳ ನಡುವೆ ತೊಗಲು ಉಳಿಯುತ್ತದೆ. ಮಗುವಿನಲ್ಲಿ ಈ ಕೆಲಸ ಅರ್ಧಕ್ಕೆ ನಿಂತರೆ ಬೆರಳುಗಳು ಅಂಟಿಕೊಂಡೇ ಹುಟ್ಟುತ್ತವೆ. ನಡುಬೆರಳು ಮತ್ತು ಉಂಗುರ ಬೆರಳಿನ ನಡುವೆ ಇದು ಅತಿ ಹೆಚ್ಚು.

ಈ ಮೂರರ ಆಚೆಗೆ ಇನ್ನೊಂದು ಬಗೆ ಇದೆ. ಅಲ್ಲಿ ಕೈ ಸರಿಯಾಗಿಯೇ ಆಗಿರುತ್ತದೆ. ಆದರೆ ಗರ್ಭಚೀಲದ ಒಳಪದರದ ಎಳೆಗಳು ಬಿಚ್ಚಿಕೊಂಡು ಬೆರಳಿಗೋ ತೋಳಿಗೋ ಬಿಗಿಯಾಗಿ ಸುತ್ತಿಕೊಳ್ಳುತ್ತವೆ. ಹುಟ್ಟುವಾಗ ಅಲ್ಲಿ ಉಂಗುರದಂಥ ಆಳವಾದ ಗೆರೆ ಇರುತ್ತದೆ, ಕೆಲವೊಮ್ಮೆ ಅದರ ಆಚೆಗಿನ ಬೆರಳು ಇರುವುದೇ ಇಲ್ಲ. ಇದು ವಂಶದಲ್ಲಿ ಬರುವಂಥದ್ದಲ್ಲ. ಗೆರೆಯ ಆಚೆಗಿನ ಭಾಗ ಊದಿ ಬಣ್ಣ ಬದಲಾಗುತ್ತಿದ್ದರೆ ಮಾತ್ರ ಕಾಯುವ ಹಾಗಿಲ್ಲ. ರಕ್ತ ಓಡಾಡುತ್ತಿಲ್ಲ ಅಂತ ಅರ್ಥ. ಅದೇ ದಿನ ಸರ್ಜನ್ ನೋಡಬೇಕು.

ಹೊರಗಿನಿಂದ ಬರುವ ಕಾರಣಗಳು

ತಪ್ಪು ತಾಯಿಯದಲ್ಲ ಅಂದೆ. ಹಾಗಂತ ಹೊರಗಿನ ಯಾವುದೂ ಕೈಗೆ ತೊಂದರೆ ಮಾಡುವುದೇ ಇಲ್ಲ ಅಂತಲ್ಲ. ಜಗತ್ತಿಗೆ ಇದನ್ನು ಅತ್ಯಂತ ಕ್ರೂರವಾಗಿ ಕಲಿಸಿದ್ದು ಥಾಲಿಡೊಮೈಡ್.

1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಈ ಔಷಧ ನಿದ್ದೆಗೆ ಅಂತ ಮಾರಾಟಕ್ಕೆ ಬಂತು. ಪೂರ್ತಿ ಸುರಕ್ಷಿತ ಅಂತ ಹೇಳಿದ್ದರು. ಬಸುರಿನ ಮೊದಲ ತಿಂಗಳುಗಳ ವಾಂತಿಗೂ ಹೆಂಗಸರು ನುಂಗಿದರು. ಸ್ವಲ್ಪ ಕಾಲದಲ್ಲೇ ಅಂಗೈ ನೇರವಾಗಿ ಹೆಗಲಿಗೇ ಸೇರಿದಂತಿರುವ ಮಕ್ಕಳು ಒಂದೊಂದಾಗಿ ಹುಟ್ಟತೊಡಗಿದರು. ಜರ್ಮನಿಯಲ್ಲಿ ವಿಡುಕಿಂಡ್ ಲೆಂಜ್, ಆಸ್ಟ್ರೇಲಿಯಾದಲ್ಲಿ ವಿಲಿಯಂ ಮೆಕ್‌ಬ್ರೈಡ್ ಈ ಔಷಧದ ಕಡೆ ಬೊಟ್ಟು ಮಾಡಿದರು. 1961ರ ನವೆಂಬರ್‌ನಲ್ಲಿ ಜರ್ಮನಿ ಮಾರುಕಟ್ಟೆಯಿಂದ ಅದನ್ನು ವಾಪಸ್ ತೆಗೆದುಕೊಂಡರು. ಅಷ್ಟರಲ್ಲಿ ಅದರ ಪೆಟ್ಟು ಎಷ್ಟೋ ದೇಶಗಳಿಗೆ ಹರಡಿತ್ತು. ಒಟ್ಟು 10,000ಕ್ಕೂ ಹೆಚ್ಚು ಮಕ್ಕಳಿಗೆ ತೊಂದರೆಯಾಯಿತು ಅನ್ನುವ ಅಂದಾಜಿದೆ. ಅಮೆರಿಕದಲ್ಲಿ ಔಷಧ ನಿಯಂತ್ರಣ ಸಂಸ್ಥೆಯ ಫ್ರಾನ್ಸಿಸ್ ಕೆಲ್ಸಿ ಎಂಬ ಅಧಿಕಾರಿ, ಕೊಟ್ಟ ಮಾಹಿತಿ ಸಾಲದು ಅಂತ ಮತ್ತೆ ಮತ್ತೆ ಫೈಲ್ ವಾಪಸ್ ಕಳಿಸಿದರು. ಆ ಒಬ್ಬ ಹೆಂಗಸಿನ ಹಟದಿಂದ ಆಗ ಅಲ್ಲಿ ಅದು ಮಾರಾಟಕ್ಕೆ ಒಪ್ಪಿಗೆ ಪಡೆಯಲಿಲ್ಲ.

ಆ ತಾಯಂದಿರು ಮಾತ್ರೆ ನುಂಗಿದ ದಿನಗಳನ್ನು ಮಕ್ಕಳ ದೇಹದ ಜೊತೆ ಹೋಲಿಸಿ ನೋಡಿದಾಗ ಗೊತ್ತಾದದ್ದು ಇದು: ಅಪಾಯ ಇದ್ದದ್ದು ಗರ್ಭ ಕಟ್ಟಿದ ಸುಮಾರು 20ರಿಂದ 36ನೇ ದಿನದ ನಡುವೆ. ಮೊದಲ ದಿನಗಳಲ್ಲಿ ನುಂಗಿದ್ದರೆ ಕಿವಿಗೆ, ಆಮೇಲಾದರೆ ಕೈಗೆ, ಇನ್ನೂ ಆಮೇಲಾದರೆ ಕಾಲಿಗೆ ಪೆಟ್ಟು ಬೀಳುತ್ತಿತ್ತು. ಆ ಕಿಟಕಿ ಮುಚ್ಚಿದ ಮೇಲೆ ನುಂಗಿದವರ ಮಕ್ಕಳ ಕೈ ಚೆನ್ನಾಗಿಯೇ ಇತ್ತು. ಔಷಧ ಒಳಗೆ ಹೇಗೆ ಕೆಲಸ ಮಾಡಿತು ಅನ್ನುವುದು ತಿಳಿಯಲು ಅರ್ಧ ಶತಮಾನವೇ ಬೇಕಾಯಿತು. 2010ರಲ್ಲಿ ಜಪಾನಿನ ವಿಜ್ಞಾನಿಗಳು ಅದು ಸೆರೆಬ್ಲಾನ್ ಎಂಬ ಪ್ರೊಟೀನಿಗೆ ಅಂಟಿಕೊಳ್ಳುತ್ತದೆ ಅಂತ ತೋರಿಸಿದರು. ಹಾಗೆ ಅಂಟಿಕೊಂಡಾಗ ಕೈ ಬೆಳೆಯಲು ಬೇಕಾದ ಎಸ್ಎಎಲ್ಎಲ್4 ಎಂಬ ಇನ್ನೊಂದು ಪ್ರೊಟೀನ್ ನಾಶವಾಗುತ್ತದೆ ಅಂತ 2018ರಲ್ಲಿ ಗೊತ್ತಾಯಿತು. ಆ ಪ್ರೊಟೀನ್ ಮಾಡುವ ಜೀನೇ ಹುಟ್ಟಿನಿಂದ ಕೆಟ್ಟಿರುವ ಮಕ್ಕಳ ಕೈ ಕೂಡ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಅಲ್ಲಿ ಯಾರೂ ಯಾವ ಮಾತ್ರೆಯನ್ನೂ ನುಂಗಿರುವುದಿಲ್ಲ.

ಇವತ್ತೂ ಎಚ್ಚರ ಬೇಕಾದ ಕೆಲವು ಔಷಧಗಳಿವೆ. ಗರ್ಭಪಾತಕ್ಕೆ ಬಳಸುವ ಮಿಸೊಪ್ರೊಸ್ಟಾಲ್ ಕೆಲಸ ಮಾಡದೆ ಗರ್ಭ ಉಳಿದುಕೊಂಡರೆ ಕೈಕಾಲಿಗೆ ತೊಂದರೆಯಾಗಬಹುದು. ಮೂರ್ಛೆರೋಗದ ವಾಲ್‌ಪ್ರೊಯೇಟ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಕೂಡ ಭ್ರೂಣಕ್ಕೆ ಅಪಾಯ ತರಬಲ್ಲವು. ಗರ್ಭಕ್ಕೆ ಮುಂಚಿನಿಂದಲೂ ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇನ್ನೊಂದು ಕಾರಣ. ಇವನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಮೂರ್ಛೆ ಬಂದರೆ ತಾಯಿಗೂ ಮಗುವಿಗೂ ಅಪಾಯ. ಮಗು ಬೇಕು ಅಂತ ಅಂದುಕೊಂಡಾಗಲೇ ಡಾಕ್ಟರ ಹತ್ತಿರ ಹೋಗಿ ಔಷಧ ಬದಲಿಸುವ ಮಾತಾಡಿ. ಮುಟ್ಟು ತಪ್ಪಿದ ಮೇಲೆ ಹೋದರೆ ಆಗಲೇ ತಡವಾಗಿರಬಹುದು. ಯಾಕೆ ಅಂತ ಈಗ ನಿಮಗೆ ಗೊತ್ತು.

ಇಷ್ಟೆಲ್ಲ ಹೇಳಿದ ಮೇಲೂ, ಎಷ್ಟೋ ಮಕ್ಕಳಲ್ಲಿ ಜೀನೂ ಸಿಗುವುದಿಲ್ಲ, ಔಷಧವೂ ಸಿಗುವುದಿಲ್ಲ. ಕಾರಣ ಗೊತ್ತಾಗುವುದೇ ಇಲ್ಲ.

ಬೆರಳು ನೋಡಿ ಹೃದಯ ಯಾಕೆ ಪರೀಕ್ಷಿಸುತ್ತಾರೆ?

ಇಡೀ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಈ ಭಾಗದ್ದನ್ನು ಇಟ್ಟುಕೊಳ್ಳಿ. ಕೈ ಮೂಡುವ ಅದೇ ವಾರಗಳಲ್ಲಿ ಹೃದಯ, ಮೂತ್ರಪಿಂಡ, ಬೆನ್ನುಮೂಳೆ ಕೂಡ ರೂಪುಗೊಳ್ಳುತ್ತಿರುತ್ತವೆ. ಕೆಲವು ಜೀನ್‌ಗಳು ಒಂದಕ್ಕಿಂತ ಹೆಚ್ಚು ಕಡೆ ಕೆಲಸ ಮಾಡುತ್ತಿರುತ್ತವೆ. ಹಾಗಾಗಿ ಕೈಯಲ್ಲಿ ಕಾಣುವ ವ್ಯತ್ಯಾಸ ಕೆಲವೊಮ್ಮೆ ಒಳಗಿನ, ಕಣ್ಣಿಗೆ ಕಾಣದ ತೊಂದರೆಯ ಸುಳಿವು.

ಅದರಲ್ಲೂ ಹೆಬ್ಬೆರಳಿನ ಕಡೆಯ ತೊಂದರೆ. ಹೆಬ್ಬೆರಳು ತೀರಾ ಸಣ್ಣದು, ಅಥವಾ ಇಲ್ಲವೇ ಇಲ್ಲ. ಮುಂಗೈಯ ಎರಡು ಮೂಳೆಗಳಲ್ಲಿ ಹೆಬ್ಬೆರಳಿನ ಕಡೆಯ ರೇಡಿಯಸ್ ಗಿಡ್ಡ ಇದೆ, ಅಥವಾ ಇಲ್ಲ. ಅಂಗೈ ಒಳಕ್ಕೆ ಬಾಗಿ ಮುಂಗೈಗೆ ಅಡ್ಡವಾಗಿ ನಿಂತಿದೆ. ಇಂಥ ಮಗುವಿಗೆ ಹೃದಯದ ಎಕೋ, ಹೊಟ್ಟೆಯ ಸ್ಕ್ಯಾನ್, ಬೆನ್ನಿನ ಎಕ್ಸ್‌-ರೇ, ರಕ್ತ ಪರೀಕ್ಷೆ ಇಷ್ಟೂ ಆಗಬೇಕು. ಹೋಲ್ಟ್–ಓರಮ್ ಸಿಂಡ್ರೋಮ್‌ನಲ್ಲಿ ಟಿಬಿಎಕ್ಸ್5 ಎಂಬ ಜೀನ್ ಕೆಟ್ಟು ಕೈಯ ಜೊತೆ ಹೃದಯದ ಗೋಡೆಯಲ್ಲಿ ತೂತು ಇರಬಹುದು. ಇನ್ನೊಂದು ಗುಂಪಿನಲ್ಲಿ ಬೆನ್ನುಮೂಳೆ, ಗುದದ್ವಾರ, ಅನ್ನನಾಳ, ಮೂತ್ರಪಿಂಡಗಳ ತೊಂದರೆ ಸೇರಿಕೊಂಡಿರುತ್ತದೆ. ಟಾರ್ ಸಿಂಡ್ರೋಮ್‌ನಲ್ಲಿ ಎರಡೂ ಕೈಯ ರೇಡಿಯಸ್ ಇರುವುದಿಲ್ಲ, ವಿಚಿತ್ರ ಅಂದರೆ ಹೆಬ್ಬೆರಳು ಮಾತ್ರ ಇರುತ್ತದೆ. ಈ ಮಕ್ಕಳಿಗೆ ಮೊದಲ ವರ್ಷ ಪ್ಲೇಟ್‌ಲೆಟ್ ತುಂಬಾ ಕಡಿಮೆ, ರಕ್ತಸ್ರಾವದ ಭಯ ಇರುತ್ತದೆ. ವಯಸ್ಸಾದಂತೆ ಅದು ಸುಧಾರಿಸುತ್ತದೆ, ಹಾಗಾಗಿ ಆಪರೇಷನ್ ಮುಂದಕ್ಕೆ ಹಾಕುತ್ತಾರೆ.

ತಪ್ಪಿಹೋದರೆ ಅತಿ ದುಬಾರಿಯಾಗುವುದು ಫ್ಯಾಂಕೋನಿ ಅನೀಮಿಯಾ. ಇದರಲ್ಲಿ ಮೂಳೆಮಜ್ಜೆ ನಿಧಾನವಾಗಿ ಸೋಲುತ್ತದೆ, ರಕ್ತ ತಯಾರಾಗುವುದು ಕಡಿಮೆಯಾಗುತ್ತದೆ. ಆದರೆ ಅದು ಶುರುವಾಗುವುದು ಸಾಮಾನ್ಯವಾಗಿ ಮಗುವಿಗೆ ಕೆಲವು ವರ್ಷ ತುಂಬಿದ ಮೇಲೆ. ಹುಟ್ಟಿದಾಗ ರಕ್ತದ ರಿಪೋರ್ಟ್ ಸರಿಯಾಗಿಯೇ ಇರಬಹುದು. ಆಗ ಕಣ್ಣಿಗೆ ಕಾಣುವ ಒಂದೇ ಗುರುತು ಆ ಪುಟ್ಟ ಹೆಬ್ಬೆರಳಾಗಿರಬಹುದು. ಕ್ರೋಮೋಸೋಮ್‌ಗಳು ಎಷ್ಟು ಸುಲಭಕ್ಕೆ ಮುರಿಯುತ್ತವೆ ಅಂತ ನೋಡುವ ವಿಶೇಷ ರಕ್ತ ಪರೀಕ್ಷೆಯಲ್ಲಿ ಇದು ಗೊತ್ತಾಗುತ್ತದೆ. ಮೊದಲೇ ತಿಳಿದರೆ ಮಜ್ಜೆ ಕೊಡುವವರನ್ನು ಹುಡುಕಲು ಸಮಯ ಸಿಗುತ್ತದೆ. ಹೆಬ್ಬೆರಳಿನ ತೊಂದರೆ ಇದ್ದು ಈ ಪರೀಕ್ಷೆಯ ಮಾತೇ ಬರದಿದ್ದರೆ, ನೀವೇ ಕೇಳಿ. ಸಂಕೋಚ ಬೇಡ.

ಕಿರುಬೆರಳಿನ ಕಡೆಯ ತೊಂದರೆಗಳಲ್ಲಿ ಒಳಗಿನ ಅಂಗಗಳ ಭಯ ಇಷ್ಟಿಲ್ಲ. ಒಂದೇ ಕೈ ಚಿಕ್ಕದಾಗಿ, ಬೆರಳುಗಳು ಗಿಡ್ಡವಾಗಿ ಅಂಟಿಕೊಂಡಿದ್ದರೆ ಅದೇ ಕಡೆಯ ಎದೆಯನ್ನು ಗಮನಿಸಿ. ಎದೆಯ ದೊಡ್ಡ ಸ್ನಾಯುವಿನ ಒಂದು ಭಾಗ ಇಲ್ಲದಿರಬಹುದು. ಇದು ಪೋಲೆಂಡ್ ಸಿಂಡ್ರೋಮ್. 1841ರಲ್ಲಿ ಲಂಡನ್ನಿನಲ್ಲಿ ಇದನ್ನು ಬರೆದಿಟ್ಟ ಆಲ್ಫ್ರೆಡ್ ಪೋಲೆಂಡ್ ಅವರ ಹೆಸರು ಅದಕ್ಕೆ ಬಂದಿದೆ, ದೇಶಕ್ಕೂ ಇದಕ್ಕೂ ಸಂಬಂಧ ಇಲ್ಲ.

ಹುಟ್ಟಿನ ತೊಂದರೆ ಅಂತ ಜನ ತಪ್ಪು ತಿಳಿಯುವ ಎರಡು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹೆಬ್ಬೆರಳ ತುದಿ ಬಾಗಿ ನಿಂತು ನೇರವಾಗದಿರುವುದು ಟ್ರಿಗರ್ ಥಂಬ್. ಅದು ಹೆಚ್ಚಾಗಿ ಹುಟ್ಟಿದ ಮೇಲೆ ಬರುತ್ತದೆ, ತಾನಾಗಿ ಹೋಗಬಹುದು, ಹೋಗದಿದ್ದರೆ ಸಣ್ಣ ಆಪರೇಷನ್ ಸಾಕು. ಎರಡನೆಯದು, ಹೆರಿಗೆ ಕಷ್ಟವಾಗಿ ಕುತ್ತಿಗೆಯ ನರಗಳು ಎಳೆದು ತೋಳು ಜೋತುಬೀಳುವುದು. ಅಲ್ಲಿ ಕೈ ಸರಿಯಾಗಿಯೇ ರೂಪುಗೊಂಡಿರುತ್ತದೆ. ಇದಕ್ಕೆ ಕಾಲ ಬಹಳ ಮುಖ್ಯ. ಎಷ್ಟೋ ಮಕ್ಕಳಲ್ಲಿ ತಾನಾಗಿ ಸರಿಹೋಗುತ್ತದೆ. ಆದರೆ ಮೂರು ತಿಂಗಳಾದರೂ ಮೊಣಕೈ ಮಡಿಸಲು ಬರದಿದ್ದರೆ ನರದ ಆಪರೇಷನ್ ಬೇಕೇ ಅಂತ ಯೋಚಿಸಬೇಕಾಗುತ್ತದೆ. ಅದಕ್ಕೇ ಮೊದಲ ತಿಂಗಳಲ್ಲೇ ತಜ್ಞರಿಗೆ ತೋರಿಸಿಡುವುದು ಒಳ್ಳೆಯದು.

ಸರಿಪಡಿಸುವುದು ಅಂದರೆ ಏನು?

ತಂದೆತಾಯಿಗೆ ಕೈ ಬೇರೆಯವರ ಕೈಯಂತೆ ಕಾಣಬೇಕು ಅನ್ನುವ ಆಸೆ. ಸಹಜ. ಒಳ್ಳೆಯ ಕೈ ಸರ್ಜನ್ ಮಾತ್ರ ಬೇರೆಯೇ ಲೆಕ್ಕ ಹಾಕುತ್ತಿರುತ್ತಾರೆ. ಈ ಕೈ ಹಿಡಿಯಬಲ್ಲದೇ? ಚಿವುಟಬಲ್ಲದೇ? ಬಾಯಿಗೆ ಮುಟ್ಟುತ್ತದೆಯೇ? ಮುಟ್ಟಿದ್ದು ಗೊತ್ತಾಗುತ್ತದೆಯೇ? ಬಾಗಿದ ಮಣಿಕಟ್ಟಿನ ಮಗುವನ್ನೇ ತೆಗೆದುಕೊಳ್ಳಿ. ಮಣಿಕಟ್ಟು ನೆಟ್ಟಗೆ ಮಾಡುವ ಆಪರೇಷನ್ ಇದೆ. ಆದರೆ ಆ ಮಗುವಿನ ಮೊಣಕೈ ಮಡಚುವುದೇ ಇಲ್ಲ ಅಂದುಕೊಳ್ಳಿ. ಆಗ ಆ ಬಾಗಿದ ಮಣಿಕಟ್ಟಿನಿಂದಲೇ ಅದು ಕೈಯನ್ನು ಬಾಯಿಗೆ ತರುತ್ತಿರುತ್ತದೆ. ನೆಟ್ಟಗೆ ಮಾಡಿದರೆ ನೋಡಲು ಚೆಂದ, ಆದರೆ ಊಟ ಮಾಡಲು ಬರುವುದಿಲ್ಲ. ಅಂಥ ಮಗುವಿಗೆ ಆ ಆಪರೇಷನ್ ಮಾಡಬಾರದು. "ಇದಕ್ಕೆ ಆಪರೇಷನ್ ಬೇಡ" ಅಂತ ಡಾಕ್ಟರ್ ಹೇಳಿದರೆ ಅದು ಕೈಬಿಟ್ಟ ಮಾತು ಅಂತ ತಿಳಿಯಬೇಡಿ. ಎಷ್ಟೋ ಸಲ ಅದೇ ಸರಿಯಾದ ಚಿಕಿತ್ಸೆ.

ಅಂಟಿದ ಬೆರಳು ಬಿಡಿಸುವುದು ಸುಲಭದ ಕೆಲಸ, ನಡುವೆ ಕತ್ತರಿಸಿದರಾಯಿತು ಅಂತ ಅನ್ನಿಸುತ್ತದೆ. ಎರಡು ಪೆನ್ಸಿಲ್ ಜೋಡಿಸಿ ಸುತ್ತಲೂ ಒಂದು ಕಾಗದ ಸುತ್ತಿ ನೋಡಿ. ಈಗ ಅದೇ ಕಾಗದವನ್ನು ಎರಡು ಭಾಗ ಮಾಡಿ ಒಂದೊಂದು ಪೆನ್ಸಿಲಿಗೆ ಸುತ್ತಿ. ಸಾಲುವುದಿಲ್ಲ. ಚರ್ಮದ್ದೂ ಇದೇ ಸಮಸ್ಯೆ. ಹಾಗಾಗಿ ಬೇರೆ ಕಡೆಯಿಂದ, ಹೆಚ್ಚಾಗಿ ತೊಡೆಸಂದಿನಿಂದ, ಚರ್ಮದ ಚೂರು ತಂದು ಹಾಕಬೇಕಾಗುತ್ತದೆ. ಗೀಟು ನೇರವಾಗಿ ಎಳೆದರೆ ಕಲೆ ಗಟ್ಟಿಯಾಗಿ ಬೆರಳನ್ನು ಬಗ್ಗಿಸಿಬಿಡುತ್ತದೆ. ಅದಕ್ಕೆ ಅಂಕುಡೊಂಕಾಗಿ ಕತ್ತರಿಸುತ್ತಾರೆ. ಮೂರು ಬೆರಳು ಅಂಟಿದ್ದರೆ ನಡುವಿನ ಬೆರಳಿನ ಎರಡೂ ಪಕ್ಕವನ್ನು ಒಂದೇ ಸಲ ಬಿಡಿಸುವುದಿಲ್ಲ. ಎರಡೂ ಕಡೆಯ ರಕ್ತನಾಳಕ್ಕೆ ಒಟ್ಟಿಗೆ ಪೆಟ್ಟಾದರೆ ಬೆರಳೇ ಹೋಗಬಹುದು.

ಆರನೇ ಬೆರಳಿನಲ್ಲೂ ಎರಡು ಕತೆ. ಕಿರುಬೆರಳಿನ ಪಕ್ಕದಲ್ಲಿ ತೆಳು ದಂಟಿನಲ್ಲಿ ನೇತಾಡುವ, ಮೂಳೆ ಇಲ್ಲದ ಬೆರಳನ್ನು ತೆಗೆಯುವುದು ಚಿಕ್ಕ ಕೆಲಸ. ದಾರ ಕಟ್ಟಿ ಬೀಳಿಸುವುದೂ ಉಂಟು. ಆದರೆ ಅದರಲ್ಲಿ ಗಂಟು ಉಳಿಯುವ, ನರದ ತುದಿ ನೋಯುವ ಸಾಧ್ಯತೆ ಇದೆ. ಮನೆಯಲ್ಲಂತೂ ಕಟ್ಟಲೇಬಾರದು. ಹೆಬ್ಬೆರಳೇ ಎರಡಾಗಿದ್ದರೆ ಮಾತು ಬೇರೆ. ಅಲ್ಲಿ ಒಂದು ಅಸಲಿ, ಇನ್ನೊಂದು ಹೆಚ್ಚಿನದು ಅಂತ ಇರುವುದಿಲ್ಲ. ಒಂದು ಹೆಬ್ಬೆರಳಿಗೆ ಬೇಕಾದದ್ದು ಎರಡರಲ್ಲಿ ಹಂಚಿಹೋಗಿರುತ್ತದೆ. ಎರಡೂ ಸ್ವಲ್ಪ ಸಣ್ಣ, ಎರಡೂ ಸ್ವಲ್ಪ ವಾಲಿದವು. ತೆಗೆಯುವ ಬೆರಳಿನ ಕಟ್ಟು, ಸ್ನಾಯುಗಳನ್ನು ಬಿಡಿಸಿ ಉಳಿಸುವ ಬೆರಳಿಗೆ ಜೋಡಿಸಬೇಕು. ಸುಮ್ನೆ ಒಂದನ್ನು ಕತ್ತರಿಸಿ ಹಾಕಿದರೆ ಉಳಿದದ್ದು ಮುಂದೆ ಡೊಂಕಾಗಿ, ಅಲುಗಾಡುತ್ತಾ ತೊಂದರೆ ಕೊಡುತ್ತದೆ.

ಹೆಬ್ಬೆರಳು ಇಲ್ಲದ ಮಗುವಿಗೆ ಮಾಡುವ ಆಪರೇಷನ್ ಬಗ್ಗೆ ಓದಿದಾಗಲೆಲ್ಲ ನನಗೆ ಬೆರಗು. ತೋರುಬೆರಳನ್ನು ಅದರ ರಕ್ತನಾಳ, ನರ, ಸ್ನಾಯು ಸಮೇತ ಸಡಿಲಿಸುತ್ತಾರೆ. ಗಿಡ್ಡ ಮಾಡಿ, ತಿರುಗಿಸಿ, ಹೆಬ್ಬೆರಳಿನ ಜಾಗಕ್ಕೆ ತಂದು ನಿಲ್ಲಿಸುತ್ತಾರೆ. ಬೆರಳಿನ ಬುಡದ ಗೆಣ್ಣು ಈಗ ಹೆಬ್ಬೆರಳಿನ ಬುಡದ ಕೀಲಾಗುತ್ತದೆ. ಜರ್ಮನಿಯ ಡೀಟರ್ ಬುಕ್-ಗ್ರಾಮ್ಕೊ ಥಾಲಿಡೊಮೈಡ್ ಮಕ್ಕಳಿಗೆ ಚಿಕಿತ್ಸೆ ಮಾಡುತ್ತಾ ಈ ವಿಧಾನವನ್ನು ಪಕ್ವ ಮಾಡಿದರು. 1971ರಲ್ಲಿ ಅವರು ಬರೆದದ್ದೇ ಇವತ್ತಿಗೂ ಬುನಾದಿ. ಕೈಯಲ್ಲಿ ನಾಲ್ಕೇ ಬೆರಳಿರುತ್ತವೆ, ಆದರೆ ಅದು ಲೋಟ ಹಿಡಿಯುತ್ತದೆ, ಗುಂಡಿ ಹಾಕುತ್ತದೆ.

ಇನ್ನು ಯಾವಾಗ ಅನ್ನುವ ಪ್ರಶ್ನೆ. ಇಲ್ಲಿ ಎರಡು ಕಡೆಯ ಎಳೆತ ಇದೆ. ಮಗು ವರ್ಷ ತುಂಬುವ ಹೊತ್ತಿಗೆ ಹೆಬ್ಬೆರಳು, ತೋರುಬೆರಳು ಸೇರಿಸಿ ಚಿಕ್ಕ ವಸ್ತು ಎತ್ತುವುದನ್ನು ಕಲಿಯುತ್ತದೆ. ಮಿದುಳು ಆ ಹಿಡಿತವನ್ನು ರೂಢಿ ಮಾಡಿಕೊಳ್ಳುವಾಗಲೇ ಹೊಸ ಬೆರಳು ಸಿಕ್ಕರೆ ಒಳ್ಳೆಯದು. ಇನ್ನೊಂದು ಕಡೆ, ತೀರಾ ಎಳೆ ಮಗುವಿನ ನರ, ರಕ್ತನಾಳ ಬಹಳ ಸಣ್ಣವು, ಅರಿವಳಿಕೆಯ ಅಪಾಯವೂ ಜಾಸ್ತಿ. ಹಾಗಾಗಿ ಅಂಟಿದ ಬೆರಳಿಗೆ ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ, ಹೊಸ ಹೆಬ್ಬೆರಳಿಗೆ ಒಂದರಿಂದ ಮೂರು ವರ್ಷದೊಳಗೆ ಅನ್ನುವ ರೂಢಿ. ಹೆಬ್ಬೆರಳು–ತೋರುಬೆರಳು, ಅಥವಾ ಉಂಗುರ ಬೆರಳು–ಕಿರುಬೆರಳು ಅಂಟಿದ್ದರೆ ಇನ್ನೂ ಬೇಗ, ಆರು ತಿಂಗಳ ಆಸುಪಾಸು. ಆ ಜೋಡಿಗಳ ಉದ್ದ ಬೇರೆ ಬೇರೆ. ಗಿಡ್ಡ ಬೆರಳು ಉದ್ದದ ಬೆರಳನ್ನು ಎಳೆದು ಬಾಗಿಸುತ್ತದೆ.

ಅರಿವಳಿಕೆ ಮಗುವಿನ ಮಿದುಳಿಗೆ ಕೆಟ್ಟದ್ದಾ ಅಂತ ಬಹಳ ಜನ ಕೇಳುತ್ತಾರೆ. ಮೂರು ವರ್ಷದೊಳಗೆ ಮೂರು ಗಂಟೆಗಿಂತ ದೀರ್ಘವಾಗಿ, ಅಥವಾ ಪದೇ ಪದೇ ಕೊಡುವ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಎಚ್ಚರಿಕೆ ಕೊಟ್ಟಿತು. ಎಳೆಯ ಕೂಸುಗಳಿಗೆ ಒಂದು ಗಂಟೆಯೊಳಗಿನ ಅರಿವಳಿಕೆ ಒಮ್ಮೆ ಕೊಟ್ಟು, ಐದು ವರ್ಷದವರೆಗೆ ಗಮನಿಸಿದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2019ರಲ್ಲಿ ಬಂತು. ಬುದ್ಧಿಶಕ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಎಷ್ಟು ಆಪರೇಷನ್ ಆಗಬಹುದು, ಎರಡನ್ನು ಒಟ್ಟಿಗೆ ಮುಗಿಸಬಹುದೇ ಅಂತ ಸರ್ಜನ್ ಹತ್ತಿರ ಮೊದಲೇ ಮಾತಾಡಿಕೊಳ್ಳಿ.

ಬಾಗಿದ ಮಣಿಕಟ್ಟಿಗೆ, ಬಿಗಿದ ಬೆರಳಿಗೆ ಚಿಕಿತ್ಸೆ ಆಪರೇಷನ್ನಿಗಿಂತ ಎಷ್ಟೋ ಮುಂಚೆ, ಮೊದಲ ವಾರಗಳಲ್ಲೇ ಶುರುವಾಗುತ್ತದೆ. ಥೆರಪಿಸ್ಟ್ ಕಲಿಸಿದಂತೆ ಮೆಲ್ಲಗೆ ಎಳೆದು ಸಡಿಲಿಸುವುದು, ರಾತ್ರಿ ಸ್ಪ್ಲಿಂಟ್ (ಕೈಯನ್ನು ನೆಟ್ಟಗೆ ಹಿಡಿದಿಡುವ ಆಸರೆ) ಕಟ್ಟುವುದು. ಇದನ್ನು ಬಿಡದೆ ಮಾಡಿದ ಮನೆಗಳಲ್ಲಿ ಸರ್ಜನ್‌ನ ಕೆಲಸ ಸುಲಭವಾಗುತ್ತದೆ. ಆಪರೇಷನ್ ಆದ ಮೇಲೂ ಮಗು ಬೆಳೆಯುತ್ತಲೇ ಇರುತ್ತದೆ, ಕಲೆ ಮಾತ್ರ ಅಷ್ಟು ಬೇಗ ಹಿಗ್ಗುವುದಿಲ್ಲ. ಬಿಡಿಸಿದ ಬೆರಳಿನ ಸಂದು ಮತ್ತೆ ಮೇಲಕ್ಕೆ ತೆವಳಬಹುದು. ಅದಕ್ಕೇ ಹರೆಯದ ಬೆಳವಣಿಗೆ ಮುಗಿಯುವವರೆಗೂ ಆಗಾಗ ತೋರಿಸುತ್ತಿರಬೇಕು.

ಕೃತಕ ಕೈ ಬೇಕಾ?

ಮುಂಗೈ ಇಲ್ಲದ ಮಗುವಿಗೆ ಕೃತಕ ಕೈ ಹಾಕಿಸಲೇಬೇಕು ಅಂತ ದೊಡ್ಡವರಿಗೆ ಅನ್ನಿಸುತ್ತದೆ. ಮಗುವಿಗೆ ಹಾಗೆ ಅನ್ನಿಸದಿರಬಹುದು. ಅಪಘಾತದಲ್ಲಿ ಕೈ ಕಳೆದುಕೊಂಡವರಿಗೆ ಏನೋ ಹೋಯಿತು ಅನ್ನುವ ಅರಿವಿರುತ್ತದೆ. ಹುಟ್ಟಿನಿಂದ ಹೀಗಿರುವ ಮಗುವಿಗೆ ತನ್ನ ದೇಹ ಪೂರ್ತಿಯಾಗಿಯೇ ಇದೆ. ಅದು ಮೊಣಕೈ ಸಂದಿಯಲ್ಲಿ ಹಿಡಿಯುತ್ತದೆ, ಗಲ್ಲದಡಿ ಒತ್ತಿಕೊಳ್ಳುತ್ತದೆ, ಕಾಲ್ಬೆರಳು ಬಳಸುತ್ತದೆ. 2017ರಲ್ಲಿ ಹೊರಬಂದ ಒಂದು ಮಿದುಳು ಸ್ಕ್ಯಾನ್ ಅಧ್ಯಯನ ಇದನ್ನೇ ತೋರಿಸಿತು. ಒಂದೇ ಕೈಯಿಂದ ಹುಟ್ಟಿದವರ ಮಿದುಳಿನಲ್ಲಿ ಇಲ್ಲದ ಕೈಗೆ ಮೀಸಲಾದ ಜಾಗ ಖಾಲಿ ಇರಲಿಲ್ಲ. ತುಟಿ, ಪಾದ, ತೋಳಿನ ತುದಿ, ಹೀಗೆ ಆ ಕೈಯ ಕೆಲಸ ಹಂಚಿಕೊಂಡ ಭಾಗಗಳು ಚಲಿಸುವಾಗ ಆ ಜಾಗ ಕೆಲಸ ಮಾಡುತ್ತಿತ್ತು.

ಕೃತಕ ಕೈಗೆ ಇಲ್ಲದ ಒಂದು ವಿಷಯ ಮೊಂಡು ತೋಳಿಗಿದೆ, ಸ್ಪರ್ಶ. ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿದರೆ ಅದೂ ಹೋಗುತ್ತದೆ. ಒಂದು ಕಡೆ ಮುಂಗೈ ಇಲ್ಲದ ಮಕ್ಕಳನ್ನು ನೋಡಿದ ದೊಡ್ಡ ಅಮೆರಿಕನ್ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಕೃತಕ ಕೈ ಹಾಕಿದವರು ದಿನದ ಕೆಲಸಗಳಲ್ಲಿ ಹಾಕದವರಿಗಿಂತ ಮುಂದೇನೂ ಇರಲಿಲ್ಲ. ಹಾಗಂತ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಸೈಕಲ್ ಹಿಡಿಕೆ ಹಿಡಿಯಲು, ಪಿಟೀಲಿನ ಕಮಾನು ಹಿಡಿಯಲು, ಒಂದು ನಿರ್ದಿಷ್ಟ ಕೆಲಸಕ್ಕೆ ಅಂತ ಮಾಡಿಸಿದ ಸಲಕರಣೆ ಮಕ್ಕಳಿಗೆ ಇಷ್ಟವಾಗುತ್ತದೆ. ಈಗ ತ್ರೀಡಿ ಪ್ರಿಂಟರ್‌ನಲ್ಲಿ ಹಗುರವಾದ, ಬಣ್ಣಬಣ್ಣದ ಕೈಗಳನ್ನೂ ಮಾಡುತ್ತಾರೆ. ಬೆಳೆಯುವ ಮಗುವಿಗೆ ಪದೇ ಪದೇ ಹೊಸದು ಬೇಕಾಗುವುದರಿಂದ ಇದು ಅನುಕೂಲ. ಹಾಕಿ ನೋಡಲಿ. ಬಿಸಾಕಿದರೆ ಬೈಯಬೇಡಿ.

ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವ ಆಟಗಾರ ಜಿಮ್ ಆ್ಯಬಟ್ ಬಲ ಅಂಗೈ ಇಲ್ಲದೆ ಹುಟ್ಟಿದವರು. 1993ರಲ್ಲಿ ನ್ಯೂಯಾರ್ಕ್ ಯಾಂಕೀಸ್ ಪರ ಎದುರಾಳಿಗಳಿಗೆ ಒಂದೂ ಹಿಟ್ ಕೊಡದೆ ಇಡೀ ಪಂದ್ಯ ಮುಗಿಸಿದರು. ತೋಳುಗಳಿಲ್ಲದೆ ಹುಟ್ಟಿದ ಶೀತಲ್ ದೇವಿ ಕಾಲಿನಲ್ಲಿ ಬಿಲ್ಲು ಹಿಡಿದು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಮಿಶ್ರ ತಂಡದ ಕಂಚು ಗೆದ್ದರು. ಇವರ ಹೆಸರು ಹೇಳುವುದು ನಿಮ್ಮ ಮಗುವೂ ಪದಕ ತರಬೇಕು ಅಂತಲ್ಲ. ಎಲ್ಲ ಮಕ್ಕಳ ಹಾಗೆ ಶೂ ಲೇಸ್ ಕಟ್ಟಿಕೊಂಡು, ಗೆಳೆಯರ ಜೊತೆ ಜಗಳವಾಡಿಕೊಂಡು ಬೆಳೆದರೆ ಸಾಕು. ದೇಹ ತನ್ನದೇ ದಾರಿ ಕಂಡುಕೊಳ್ಳುತ್ತದೆ ಅನ್ನುವುದಕ್ಕೆ ಹೇಳಿದೆ.

ಶಾಲೆಗೆ ಸೇರುವ ಹೊತ್ತಿಗೆ ಇತರ ಮಕ್ಕಳು ಕೇಳಿಯೇ ಕೇಳುತ್ತಾರೆ. "ನಿನ್ನ ಕೈಗೆ ಏನಾಯಿತು?" ಉತ್ತರ ಮಗುವಿನ ಬಾಯಲ್ಲಿ ಮೊದಲೇ ಸಿದ್ಧ ಇದ್ದರೆ ಒಳ್ಳೆಯದು. "ಏನೂ ಆಗಿಲ್ಲ, ಹುಟ್ಟುವಾಗಲೇ ಹೀಗಿತ್ತು." ಹೆಚ್ಚಿನ ಮಕ್ಕಳಿಗೆ ಅಷ್ಟು ಸಾಕು, ಆಟಕ್ಕೆ ಓಡುತ್ತಾರೆ. ಉದ್ದ ತೋಳಿನ ಅಂಗಿ ಹಾಕಿ ಫೋಟೋಗಳಲ್ಲಿ ಕೈ ಮುಚ್ಚುವ ಮನೆಯಲ್ಲಿ ಮಗು ಬೇರೆಯೇ ಪಾಠ ಕಲಿಯುತ್ತದೆ. ಆ ಅಭ್ಯಾಸ ದಯವಿಟ್ಟು ಬೇಡ.

ಮುಂದಿನ ಮಗುವಿಗೂ ಹೀಗೇ ಆಗುತ್ತದಾ?

ಇದು ಯಾವ ಬಗೆ ಅನ್ನುವುದರ ಮೇಲೆ ನಿಂತಿದೆ. ಕೈ ನಡುವೆಯೇ ಮುಗಿದಿರುವ ಬಗೆ, ಎಳೆ ಸುತ್ತಿಕೊಂಡ ಬಗೆ, ಪೋಲೆಂಡ್ ಸಿಂಡ್ರೋಮ್, ಇವು ಸಾಮಾನ್ಯವಾಗಿ ಒಂದೇ ಮಗುವಿಗೆ ನಿಲ್ಲುತ್ತವೆ. ಮತ್ತೆ ಬರುವ ಸಾಧ್ಯತೆ ತೀರಾ ಕಡಿಮೆ. ಆರನೇ ಬೆರಳು, ಅಂಟಿದ ಬೆರಳು, ನಡುವೆ ಸೀಳಿದ ಕೈ ಕೆಲವು ಮನೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುತ್ತವೆ. ಹಾಗೆ ತಂದೆ ಅಥವಾ ತಾಯಿಯಿಂದ ಬರುವ ಬಗೆಯಾದರೆ ಪ್ರತಿ ಮಗುವಿಗೂ 50% ಸಾಧ್ಯತೆ. ಆದರೆ ಎಷ್ಟು ತೀವ್ರ ಅನ್ನುವುದು ಬದಲಾಗುತ್ತದೆ. ತಂದೆಗೆ ಚಿಕ್ಕ ಗುರುತು, ಮಗುವಿಗೆ ದೊಡ್ಡದು ಆಗಬಹುದು, ಅದಲುಬದಲೂ ಆಗಬಹುದು. ಅದಕ್ಕೇ ಜೆನೆಟಿಕ್ಸ್ ಡಾಕ್ಟರು ತಂದೆತಾಯಿಯ ಕೈಕಾಲನ್ನೂ ಸೂಕ್ಷ್ಮವಾಗಿ ನೋಡುತ್ತಾರೆ. ಫ್ಯಾಂಕೋನಿ ಅನೀಮಿಯಾದ ಹೆಚ್ಚಿನ ಬಗೆಗಳಲ್ಲಿ ತಂದೆತಾಯಿ ಇಬ್ಬರೂ ಆರೋಗ್ಯವಾಗಿರುತ್ತಾರೆ, ಕೆಟ್ಟ ಜೀನಿನ ಒಂದೊಂದು ಪ್ರತಿ ಇಬ್ಬರಲ್ಲೂ ಇರುತ್ತದೆ. ಅಲ್ಲಿ ಪ್ರತಿ ಬಸಿರಿಗೂ 25%.

ಮುಂದಿನ ಬಸಿರಿನಲ್ಲಿ ಸ್ಕ್ಯಾನ್ ಮಾಡುವವರಿಗೆ ಮೊದಲ ಮಗುವಿನ ವಿಷಯ ಹೇಳಿ. 18ರಿಂದ 22 ವಾರದ ಸ್ಕ್ಯಾನ್‌ನಲ್ಲಿ ತೋಳಿನ ಉದ್ದದ ಮೂಳೆಗಳು ಚೆನ್ನಾಗಿ ಕಾಣುತ್ತವೆ. ಬೆರಳುಗಳು ಮಾತ್ರ ಮುಷ್ಟಿ ಬಿಗಿದಿದ್ದರೆ ಕಾಣುವುದಿಲ್ಲ, ಅಂಟಿದ ಬೆರಳಂತೂ ಸುಲಭವಾಗಿ ತಪ್ಪಿಹೋಗುತ್ತದೆ. ಮೊದಲೇ ಹೇಳಿದ್ದರೆ ಮಗು ಮುಷ್ಟಿ ಬಿಚ್ಚುವವರೆಗೆ ಕಾದು, ಎರಡೂ ಕೈಯನ್ನು ಬೆರಳು ಬೆರಳಾಗಿ ನೋಡುತ್ತಾರೆ.